ಮಾರ್ಷಲ್ ಸಾಹೇಬರ ಸವಾರಿ

ಟೆಲಿವಿಷನ್ ನಟ ಲೈಲ್ ಬೆಕ್ವಿತ್‌ನ ಅಂದಿನ ಪಡಿಪಾಟಲಿಗೆಲ್ಲ ಮೂಲ ಪಕ್ಕದ ಮನೆಯ ಮಿಸೆಸ್ ಟಟಲ್‌ಳ ಬಾಯಿ. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ ನಾಲ್ಕರಂದು ಅವರ ಊರು ರೆಸೀಡಾದ ಮೆರವಣಿಗೆಯಲ್ಲಿ ಅವನು ತೆರೆದ ಕಾರಿನಲ್ಲಿ ಕೂತು ಕೈ ಬೀಸಿದರೆ ಸಾಕೆಂದು ಮಾತಾಗಿತ್ತು. ಈ ಮಹಾತಾಯಿ ಹೋಗಿ ಸಮಿತಿಯವರಿಗೆ ಬೇರೆಯೇ ಮಾತು ಕೊಟ್ಟು ಬಂದಿದ್ದಳು. ಅದನ್ನು ಅವನಿಗೆ ತಿಳಿಸಿದ್ದು ಹಬ್ಬದ ದಿನ ಬೆಳಗ್ಗೆ, ಬೇಲಿಯಾಚೆ ಗುಲಾಬಿಗೆ ನೀರು ಹಾಕುತ್ತಾ.

"ಮಾರ್ಷಲ್ ಬ್ರಾಡಸ್ ಎಲ್ಲಾದ್ರೂ ಕಾರಲ್ಲಿ ಬರ್ತಾನಾ? ನಮ್ಮ ಲೈಲ್ ಕುದುರೆ ಮೇಲೇ ಬರ್ತಾರೆ, ನಾನು ಹೇಳ್ತೀನಿ ಬಿಡಿ ಅಂದೆ. ಎಷ್ಟು ಖುಷಿಪಟ್ರು ಗೊತ್ತಾ ಲೈಲ್?"

ಮಾರ್ಷಲ್ ಬ್ರಾಡಸ್ ಎಂದರೆ ಲೈಲ್‌ನ ಪಾತ್ರ, ಹಳೇ ಕಾಲದ ಊರೊಂದರ ಪೊಲೀಸ್ ಅಧಿಕಾರಿ. ಟೆಲಿವಿಷನ್‌ನಲ್ಲಿ ಆರು ವರ್ಷದಿಂದ ವಾರಕ್ಕೊಮ್ಮೆ ದರೋಡೆಕೋರರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ ಆ ಮಾರ್ಷಲ್ ಒಂದು ದಿನವೂ ಕುದುರೆ ಹತ್ತಿದವನಲ್ಲ. ಪೀಪಾಯಿಗೆ ಜೀನು ಬಿಗಿದು ಅದರ ಮೇಲೆ ಅವನನ್ನು ಕೂರಿಸುತ್ತಿದ್ದರು. ಇಬ್ಬರು ಪೀಪಾಯಿ ಅಲ್ಲಾಡಿಸುವರು, ಮರಗಳು ಹಿಂದೆ ಸರಿದಂತೆ ಕಾಣಲೆಂದು ಇನ್ನೊಬ್ಬ ಹಿಂದೆ ಮರದ ಕೊಂಬೆ ಹಿಡಿದು ಓಡುವನು. ಮಿಕ್ಕಿದ್ದೆಲ್ಲ ಡೂಪ್ ವೇಡ್ ಸ್ಪರ್ಲಿಂಗ್‌ನ ಪಾಲಿನದು.

ಒಲ್ಲೆನೆನ್ನುವ ಹಾಗೂ ಇರಲಿಲ್ಲ. ಧಾರಾವಾಹಿಗೆ ಹಣ ಹಾಕುವ ಓಟ್ಸ್ ಕಂಪನಿಯ ಮಾಲೀಕ ಥಾರ್ನ್‌ಡೈಕ್ ಮೆರವಣಿಗೆಗೆ ಮುಖ್ಯ ಅತಿಥಿ. ಡೂಪ್ ಇರುವುದು ಜೀವಕ್ಕೆ ಸಂಚಕಾರವಿರುವ ದೃಶ್ಯಗಳಿಗೆ ಮಾತ್ರ ಎಂದು ಆತ ನಂಬಿದ್ದ. ಲೈಲ್‌ನನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳಬೇಕೋ ಬೇಡವೋ ಎಂದು ಅಂದೇ ಹೇಳುವವನಿದ್ದ. ಮಾರ್ಷಲ್‌ಗೆ ಕುದುರೆಯೆಂದರೆ ಕೈಕಾಲು ನಡುಗುತ್ತದೆಂದು ತಿಳಿದರೆ ಮುಗಿಯಿತು, ಲೈಲ್ ಮತ್ತೆ ಮಾವನ ಅಂಗಡಿಯಲ್ಲಿ ಬೂಟು ಮಾರಬೇಕು.

ಫೋನು ಮಾಡಿದ್ದಕ್ಕೆ ವೇಡ್ ಸ್ಟುಡಿಯೋದಿಂದ ಪೆಪ್ಪರ್ ಎಂಬ ಕುದುರೆಯನ್ನು ತಂದ.

"ಸುಮ್ನೆ ಕೂತ್ಕೋ ಸಾಕು. ಕಿವಿ ಪಕ್ಕ ಪಟಾಕಿ ಹೊಡೆದ್ರೂ ಇದು ಅಲ್ಲಾಡಲ್ಲ. ಲಗಾಮು ಹಿಡ್ಕೊಂಡು ನಾನು ಜೊತೇಲೇ ಬರ್ತೀನಿ," ಎಂದ.

ಗ್ಯಾರೇಜಿನ ಹಿಂದೆ ಬಣ್ಣ ಬಳಿಯುವ ಏಣಿಯಿಟ್ಟು ಲೈಲ್‌ನನ್ನು ಹತ್ತಿಸಿದ್ದಾಯಿತು. ಬೇಲಿಯ ಮೇಲೆ ಮಿಸೆಸ್ ಟಟಲ್‌ಳ ತಲೆ ಮೂಡಿತು. ಏಣಿ ಯಾಕೆಂದು ಕೇಳಿದಳು. ಕುದುರೆಗೆ ಬೆನ್ನುನೋವು, ಎಗರಿ ಕೂತರೆ ತಡೆಯುವುದಿಲ್ಲ ಎಂದು ವೇಡ್ ಗಂಭೀರವಾಗಿ ಹೇಳಿದ. ಪಾಪ, ಆಕೆ ಕುದುರೆಗೊಂದು ಕ್ಯಾರೆಟ್ ತಂದುಕೊಟ್ಟಳು.

ವೇಡ್ ಹೇಳಿದ ಹಾಗೇ ಆಯಿತು. ಬ್ಯಾಂಡು ಬಾರಿಸಿತು, ಪಟಾಕಿ ಹಾರಿತು, ಪೆಪ್ಪರ್ ಮದುವೆಗೆ ಹೊರಟ ಅಜ್ಜಿಯಂತೆ ನಿಧಾನವಾಗಿ ಹೆಜ್ಜೆ ಹಾಕಿತು. ಎರಡು ಬೀದಿ ದಾಟುವಷ್ಟರಲ್ಲಿ ಲೈಲ್‌ಗೆ ಧೈರ್ಯ ಬಂತು, ಮೂರನೆಯದರಲ್ಲಿ ಜಂಭವೂ ಬಂತು. ಟೊಪ್ಪಿಗೆ ತೆಗೆದು ಹೆಂಗಸರತ್ತ ಬೀಸಿದ. ಇಷ್ಟು ಸುಲಭದ ಕೆಲಸಕ್ಕೆ ಈ ವೇಡ್ ಅಷ್ಟೊಂದು ಮೀಸೆ ತಿರುವುತ್ತಾನಲ್ಲ ಎಂದುಕೊಂಡ.

ಥಾರ್ನ್‌ಡೈಕ್ ಕೂತಿದ್ದ ವೇದಿಕೆಯೆದುರು ಬಂದಾಗ ಮಿಸೆಸ್ ಟಟಲ್ ಹೊಸ ಸಿನಿಮಾ ಕ್ಯಾಮೆರಾ ಹಿಡಿದು ದಾರಿಗಡ್ಡ ನಿಂತಳು. ಚಿತ್ರದಲ್ಲಿ ಲೈಲ್ ಒಬ್ಬರೇ ಇರಬೇಕು, ಅಡ್ಡ ಬರಬೇಡಪ್ಪಾ ಎಂದು ವೇಡ್‌ನನ್ನು ಅತ್ತ ತಳ್ಳಿದಳು. ಹಿಂದೊಮ್ಮೆ ಸ್ಟುಡಿಯೋ ನೋಡಲು ಹೋಗಿದ್ದ ಆಕೆಗೆ ಕ್ರಮವೆಲ್ಲ ಗೊತ್ತಿತ್ತು.

"ಆಕ್ಷನ್!" ಎಂದು ಕೂಗಿದಳು.

ಪೆಪ್ಪರ್ ಸ್ಟುಡಿಯೋದಲ್ಲೇ ಹುಟ್ಟಿ ಬೆಳೆದ ಕುದುರೆ. ಆ ಒಂದು ಮಾತಿಗೆ ಏನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮರುಗಳಿಗೆ ಬ್ಯಾಂಡಿನವರು ಎರಡು ಪಾಲಾಗಿದ್ದರು, ಡೋಲು ಚರಂಡಿಯಲ್ಲಿತ್ತು, ಲೈಲ್ ಕುದುರೆಯ ಕುತ್ತಿಗೆಗೆ ಜೋತುಬಿದ್ದಿದ್ದ. "ಕಟ್ ಅನ್ನೋ, ಕಟ್ ಅನ್ನು," ಎಂದು ಅರಚುತ್ತಾ ವೇಡ್ ಹಿಂದೆ ಓಡಿದ. ದೃಶ್ಯ ನಿಲ್ಲಿಸುವ ಆ ಮಾತು ಹೇಳುವುದು ನಿರ್ದೇಶಕನ ಕೆಲಸ, ಲೈಲ್ ಜನ್ಮದಲ್ಲಿ ಹೇಳಿದವನಲ್ಲ. ಈಗ ಹೇಳೋಣವೆಂದರೆ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಪೆಪ್ಪರ್ ತನಗೆ ಬಾಯಿಪಾಠವಾಗಿದ್ದ ದೃಶ್ಯವನ್ನು ಚಾಚೂ ತಪ್ಪದೆ ಮಾಡಿತು. ತಿರುವಿನಲ್ಲಿ ಗರಕ್ಕನೆ ತಿರುಗಿತು, ಚರ್ಚಿನ ಹೆಂಗಸರು ಆಪಲ್ ಪೈ ಜೋಡಿಸಿಟ್ಟಿದ್ದ ಮೇಜನ್ನು ಹಾರಿತು, ಸುತ್ತುಹಾಕಿ ವೇದಿಕೆಯೆದುರಿನ ಬ್ಯಾಂಕಿನ ಬಾಗಿಲಿಗೆ ಬಂದು ಗಕ್ಕನೆ ನಿಂತು ತಲೆ ತಗ್ಗಿಸಿತು. ದಿನಾ ಶೂಟಿಂಗಿನಲ್ಲಿ ವೇಡ್ ಇಳಿಯುತ್ತಿದ್ದುದು ಹಾಗೆಯೇ. ಲೈಲ್ ಕುತ್ತಿಗೆಯ ಮೇಲಿಂದ ಜಾರಿ, ಹೇಗೋ ಏನೋ, ಎರಡೂ ಕಾಲಮೇಲೆ ಬಂದು ನಿಂತ.

ಊರಿಗೆ ಊರೇ ಚಪ್ಪಾಳೆ ತಟ್ಟಿತು. ಥಾರ್ನ್‌ಡೈಕ್ ವೇದಿಕೆಯಿಂದಿಳಿದು ಓಡಿಬಂದು ಅವನನ್ನು ತಬ್ಬಿಕೊಂಡ. ಒಂದು ವರ್ಷವಲ್ಲ, ಐದು ವರ್ಷ ನೀನೇ ಮಾರ್ಷಲ್ ಎಂದ. ಲೈಲ್‌ನ ಕಣ್ಣಲ್ಲಿ ನೀರು ಬಂತು, ಅದು ಸಂತೋಷದ್ದೇ.

"ಇಷ್ಟು ಚೆನ್ನಾಗಿ ಓಡಿಸ್ತೀಯಲ್ಲಪ್ಪಾ, ನಿನಗ್ಯಾಕೆ ಡೂಪು?" ಎಂದ ಥಾರ್ನ್‌ಡೈಕ್. "ಇವತ್ತಿಂದ ಎಲ್ಲಾ ನೀನೇ ಮಾಡು. ಆ ವೇಡ್‌ನನ್ನ ಮನೆಗೆ ಕಳಿಸ್ಬಿಡೋಣ."

ಓಡಿಬಂದು ಪೆಪ್ಪರ್‌ನ ಲಗಾಮು ಹಿಡಿದಿದ್ದ ವೇಡ್ ಲೈಲ್‌ನ ಮುಖ ನೋಡಿದ. ಲಗಾಮನ್ನು ಕುದುರೆಯ ಕುತ್ತಿಗೆಯ ಮೇಲೆ ಬಿಟ್ಟು, ಟೊಪ್ಪಿಗೆ ಎತ್ತಿ ನಮಸ್ಕರಿಸಿ, ನಿಂಬೆ ಪಾನಕದ ಅಂಗಡಿಯತ್ತ ನಡೆದುಬಿಟ್ಟ.

ಅಷ್ಟರಲ್ಲಿ ಜನ ಲೈಲ್‌ನನ್ನು ಹೆಗಲ ಮೇಲೆ ಹೊತ್ತು ಮತ್ತೆ ಜೀನಿನ ಮೇಲೆ ಕೂರಿಸಿದ್ದರು. ಮಿಸೆಸ್ ಟಟಲ್ ಏದುಸಿರು ಬಿಡುತ್ತಾ ಮುಂದೆ ಬಂದಳು.

"ಕ್ಯಾಮೆರಾ ಮುಚ್ಚಳ ತೆಗೆಯೋದೇ ಮರೆತಿದ್ದೆ ಕಣ್ರೀ. ಒಂದಿಷ್ಟೂ ಬಂದಿಲ್ಲ. ಇನ್ನೊಂದೇ ಒಂದ್ಸಲ, ಲೈಲ್."

ಲೈಲ್ ಬಾಯಿ ತೆರೆದ. ನಾಲಗೆ ಮತ್ತೆ ಅಂಗುಳಕ್ಕೆ ಅಂಟಿಕೊಂಡಿತ್ತು. ಆಕೆ ಕ್ಯಾಮೆರಾ ಎತ್ತಿ ಕಣ್ಣಿಗಿಟ್ಟುಕೊಂಡಳು. ಪೆಪ್ಪರ್ ಕಿವಿ ನಿಮಿರಿಸಿತು.