ಸರ್ಕಾರದ ಅಟ್ಟ

ಅರ್ಥಶಾಸ್ತ್ರ ಕಲಿಸಹೊರಟವರಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ, ಅದರಲ್ಲೂ ಕೊಬ್ಬರಿ ಸೀಮೆಯಲ್ಲಿ. ಹುಳಿಯಾರಿನಲ್ಲಿ ಹುಟ್ಟಿದ ನಾನು ಈಗ ನಾಗಪುರದಲ್ಲಿ ಮಗಳ ಮನೆಯಲ್ಲಿದ್ದೇನೆ. ಟಿ.ವಿ.ಯಲ್ಲಿ ಬಜೆಟ್ ಭಾಷಣ ಶುರುವಾದರೆ ಸಾಕು, ನನಗೆ ನಗು. ಎಪ್ಪತ್ತರ ದಶಕದ ಕೊನೆಯಲ್ಲಿ ತಿಪಟೂರಿನ ಕಾಲೇಜೊಂದರಲ್ಲಿ ಪಾಠ ಮಾಡಿದ ದಿನಗಳು ನೆನಪಾಗುತ್ತವೆ.

೧. ಮುಂಗಡ

"ಬಜೆಟ್ಟಿಗೆ ಕನ್ನಡದಲ್ಲಿ ಮುಂಗಡ ಪತ್ರ ಅಂತಾರೆ" ಎಂದೆ. ಕೊಬ್ಬರಿ ಮಂಡಿ ವ್ಯಾಪಾರಿಯ ಮಗ ಎದ್ದು ನಿಂತ.

"ಗೊತ್ತು ಮೇಡಂ. ಕೊಬ್ಬರಿ ಆಗೋಕೆ ಮುಂಚೇನೇ ನಮ್ಮಪ್ಪ ದುಡ್ಡು ಕೊಟ್ಟು ಬರೆಸ್ಕೊಳ್ತಾರಲ್ಲ, ಅದು."

"ಅದಲ್ಲಪ್ಪ, ಇದು ಸರ್ಕಾರದ್ದು."

"ಸರ್ಕಾರಕ್ಕೆ ಯಾವ ಮಂಡಿಯೋರು ಕೊಡ್ತಾರೆ ಮೇಡಂ?"

ನಾನಿನ್ನೂ ಕೆಲಸಕ್ಕೆ ಹೊಸಬಳು. "ನಾಳೆ ಹೇಳ್ತೀನಿ" ಎಂದು ಜಾರಿಕೊಂಡೆ. ಮರುದಿನ ಹಾಜರಿ ಕೂಗಿದರೆ "ಎಸ್ ಮೇಡಂ" ಅನ್ನುವ ಬದಲು, "ಮಂಡಿ ಸಿಕ್ತಾ ಮೇಡಂ?" ಅಂದ.

೨. ಖೋತಾ

ನೊಣವಿನಕೆರೆ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬಳು ಹುಡುಗಿ ಪರೀಕ್ಷೆಯಲ್ಲಿ ಬರೆದಿದ್ದಳು: "ಹಸು ಹಾಲು ಕೊಡುವುದನ್ನು ನಿಲ್ಲಿಸಿದ ಮೇಲೂ ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುವುದೇ ಖೋತಾ ಬಜೆಟ್." ಪೂರ್ತಿ ಅಂಕ ಕೊಟ್ಟೆ. ಪ್ರಿನ್ಸಿಪಾಲರು ಉತ್ತರಪತ್ರಿಕೆ ತರಿಸಿಕೊಂಡು ಎರಡು ಸಲ ಓದಿದರು. ಬೈಯುತ್ತಾರೆ ಅಂದುಕೊಂಡರೆ, ಮೆಲ್ಲಗೆ ಕೇಳಿದರು: "ನಮ್ಮನೆ ವಿಷಯ ಇವಳಿಗೆ ಹೇಗೆ ಗೊತ್ತಾಯ್ತು?"

೩. ಪಾಲು

ಸಾರ್ವಜನಿಕ ಸಾಲದ ಪಾಠ ಮುಗಿದ ಮಾರನೇ ದಿನ ಅದೇ ಹುಡುಗಿಯ ಅಪ್ಪ ಕಾಲೇಜಿಗೇ ಬಂದರು. ತೆಂಗಿನ ತೋಟದವರು. ಹಿಂದೆ ಹುಡುಗಿ, ಕಣ್ಣು ಕೆಂಪಗೆ.

"ಸರ್ಕಾರದ ಸಾಲದಾಗೆ ನಮ್ಮ ತಲೆಗೂ ಪಾಲೈತೆ ಅಂತಾವ್ಳೆ ಕಣಮ್ಮ. ನಾನ್ಯಾವ ಪತ್ರಕ್ಕೂ ರುಜು ಹಾಕಿಲ್ಲ. ಇವಳ ಓದು ಸಾಕು, ಬುಡಿ. ಎರಡು ವರ್ಷ ಓದಿದ್ದಕ್ಕೇ ಇಷ್ಟು ಸಾಲ. ಡಿಗ್ರಿ ಮುಗಿಸಿದ್ರೆ ಇನ್ನೆಷ್ಟು ಹೊರಿಸ್ತಾಳೋ!"

೪. ಅಟ್ಟ

ಹುಡುಗಿಯ ಓದು ನಿಲ್ಲುವ ಹಾಗಿತ್ತು. ಅವರನ್ನು ಕೂರಿಸಿ ಕೇಳಿದೆ: "ಕಾಯಿ ಅಟ್ಟಕ್ಕೆ ಹಾಕಿದ್ರೆ ಕೊಬ್ಬರಿ ಆಗೋಕೆ ಹೆಚ್ಚುಕಮ್ಮಿ ಒಂದು ವರ್ಷ. ಅಷ್ಟರಲ್ಲಿ ಬಾವಿ ತೋಡಿಸಬೇಕು ಅಂದ್ರೆ?"

"ಮಂಡಿಯಿಂದ ಮುಂಗಡ ತತ್ತೀನಿ."

"ಸರ್ಕಾರವೂ ಅಷ್ಟೇ. ಕಾಲುವೆಗೆ, ಸ್ಕೂಲಿಗೆ ಇವತ್ತು ಸಾಲ. ಫಲ ಬಂದಾಗ ತೀರಿಸೋದು."

ಮಂಡಿಯವನ ಮಗನಿಗೂ ಇದೇ ಉತ್ತರ ಕೊಡಬೇಕಿತ್ತು! ಹುಡುಗಿಯ ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು.

"ಹಂಗಾದ್ರೆ ಸರ್ಕಾರಕ್ಕೂ ಒಂದು ಅಟ್ಟ ಐತೆ ಅನ್ನಿ."

"ಇದೆ."

"ಯಾರಾನಾ ಅದನ್ನ ಹತ್ತಿ, ಕಾಯಿ ಅಲ್ಲಾಡಿಸಿ ನೋಡವ್ರಾ?"

ಒಳಗಿನ ನೀರು ಆರಿ ಲೊಟಲೊಟ ಅಂದರೆ ಕೊಬ್ಬರಿಯಾಯಿತು ಎಂದು ಆ ಕಡೆ ಮಕ್ಕಳಿಗೂ ಗೊತ್ತು. "ಅಲ್ಲಾಡಿಸಿ ನೋಡೋಕೇ ಓದಿದೋರು ಬೇಕು" ಎಂದೆ.

ಅವರು ಮಗಳ ಕಡೆ ತಿರುಗಿದರು. "ಓದು ಕಣೇ. ಆ ಅಟ್ಟ ಹತ್ತು."

ಕೆಲವು ವರ್ಷಗಳ ಮೇಲೆ ಅವಳ ಕಾರ್ಡು ಬಂತು. "ಮೇಡಂ, ಸರ್ಕಾರದ ಲೆಕ್ಕ ತನಿಖೆ ಇಲಾಖೆಯಲ್ಲಿ ಕೆಲಸ ಸಿಕ್ಕಿದೆ. ಊರಿಗೆ ಹೋದಾಗಲೆಲ್ಲ ಅಪ್ಪ ಚಪ್ಪಲಿ ಬಿಡೋಕೂ ಬಿಡದೆ ಕೇಳ್ತಾರೆ: 'ಲೊಟಲೊಟ ಅಂತೈತೇನೇ, ಇಲ್ಲಾ ಇನ್ನೂ ನೀರೇನೇ?'"