ಹದಿನಾಲ್ಕು ಮತ್ತು ಹದಿನೈದನೇ ಪಾತಿಗಳ ನಡುವೆ ಬೇಲಿ ಬೇಡವೆಂಬ ಬಗ್ಗೆ

ಇಂದ,
ಹದಿನಾಲ್ಕನೇ ಪಾತಿಯ ಹಕ್ಕುದಾರ,
ವಯಸ್ಸು ಅರವತ್ತೊಂದು, ಕಸುಬು ಗಡಿಯಾರ ರಿಪೇರಿ.

ಗೆ,
ಕಾರ್ಯದರ್ಶಿಗಳು,
ಸಾರ್ವಜನಿಕ ಕೈತೋಟ ಸಮಿತಿ,
ನೀರಿನ ಟ್ಯಾಂಕಿನ ಪಕ್ಕ.

ವಿಷಯ: ನಾನೇ ಕಾಡಿಬೇಡಿ ಮಂಜೂರು ಮಾಡಿಸಿಕೊಂಡ ತಂತಿಬೇಲಿಯನ್ನು ದಯಮಾಡಿ ಹಾಕದಿರುವ ಬಗ್ಗೆ.

ಉಲ್ಲೇಖ: ೧) ಬೇಲಿ ಕೋರಿದ ನನ್ನ ಅರ್ಜಿ. ೨) ಅದರ ಜ್ಞಾಪನೆ. ೩) ಜ್ಞಾಪನೆಯ ಜ್ಞಾಪನೆ. ೪) ತಾವು ಬೇಸತ್ತು ನೀಡಿದ ಮಂಜೂರಾತಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

೧. ಹದಿನೈದನೇ ಪಾತಿಯ ಹಕ್ಕುದಾರರು ನಿವೃತ್ತ ಗಣಿತ ಶಿಕ್ಷಕಿ. ಅವರು ನನ್ನ ಒಡಹುಟ್ಟಿದ ಅಕ್ಕ. ಹಿಂದಿನ ಅರ್ಜಿಗಳಲ್ಲಿ ಈ ಸಂಗತಿಯನ್ನು ಮುಚ್ಚಿಟ್ಟು, ‘ಪಕ್ಕದ ಪಾತಿಯವರು’ ಎಂದಷ್ಟೇ ನಮೂದಿಸಿದ್ದಕ್ಕೆ ವಿಷಾದಿಸುತ್ತೇನೆ.

೨. ನಾವಿಬ್ಬರೂ ಒಂಬತ್ತು ವರ್ಷಗಳಿಂದ ಮಾತು ಬಿಟ್ಟಿದ್ದೆವು. ಕಾರಣ, ಅಮ್ಮ ತೀರಿಕೊಂಡ ತಿಂಗಳೊಳಗೆ ಅವಳ ಹೊಲಿಗೆ ಮೆಷಿನ್ನನ್ನು ನಾನು ಅಕ್ಕನನ್ನು ಕೇಳದೆ ಗುಜರಿಯವನಿಗೆ ಕೊಟ್ಟುಬಿಟ್ಟೆ. ವಿಷಯ ತಿಳಿದ ಅಕ್ಕ ನನ್ನ ಅಂಗಡಿಗೆ ಬಂದು, ಎರಡು ನಿಮಿಷ ನನ್ನ ಮುಖ ನೋಡಿ, ಹಾಗೇ ಹೊರಟುಹೋದರು. ಕಳೆದ ವರ್ಷ ತಮ್ಮ ಸಮಿತಿ ಚೀಟಿ ಎತ್ತಿ ಪಾತಿ ಹಂಚಿದಾಗ ನಮ್ಮಿಬ್ಬರನ್ನೂ ಅಕ್ಕಪಕ್ಕ ತಂದು ಹಾಕಿತು. ಇದರಲ್ಲಿ ಸಮಿತಿಯ ತಪ್ಪಿಲ್ಲ.

೩. ಅಂದಿನಿಂದ ನಮ್ಮ ಮಾತುಕತೆಯೆಲ್ಲ ತೋಟದ ಕಾವಲುಗಾರರ ಮುಖಾಂತರ ನಡೆಯುತ್ತಿತ್ತು. ನನ್ನ ಪೈಪಿನ ನೀರು ಹದಿನೈದನೇ ಪಾತಿಯ ಮೆಣಸಿನ ಗಿಡಗಳಿಗೆ ಜಾಸ್ತಿಯಾಗುತ್ತಿದೆ ಎಂದು ಅಕ್ಕ ನನ್ನಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ನಿಂತು ಅವರಿಗೆ ಹೇಳುತ್ತಿದ್ದರು. ಒಮ್ಮೆ ಕಾವಲುಗಾರರು, “ಸಾರ್, ನಿಮಗೂ ಕೇಳಿಸ್ತಲ್ಲ, ಮತ್ತೆ ನಾನು ಹೇಳ್ಬೇಕಾ?” ಎಂದು ಕೇಳಿದರು. “ಹೇಳ್ಬೇಕು” ಎಂದೆ. ಪಾಪ, ಹೇಳಿದರು.

೪. ಹೀಗಿರುವಲ್ಲಿ ಅಕ್ಕನ ಕುಂಬಳದ ಬಳ್ಳಿ ಗಡಿ ದಾಟಿ ನನ್ನ ಪಾಲಕ್ ಸೊಪ್ಪಿನ ನಡುವೆ ಕಾಯಿ ಬಿಟ್ಟಿತು. ಆದ್ದರಿಂದ ಬೇಲಿ ಕೋರಿದೆ. ಬಳ್ಳಿ ಒಂದು ನೆಪ. ಅಕ್ಕ ದಿನಾ ಸಂಜೆ ಎರಡು ಕೊಡ ನೀರು ಹೊತ್ತು ಏದುಸಿರು ಬಿಡುವುದನ್ನು ನೋಡಿಯೂ ‘ಕೊಡಿಲ್ಲಿ’ ಎನ್ನಲಾಗದ್ದು ಅಸಲು ಕಾರಣ. ಬೇಲಿ ಬಂದರೆ ಆ ಕಡೆ ನೋಡುವುದು ತಪ್ಪುತ್ತದೆಂದು ಭಾವಿಸಿದ್ದೆ. ತಂತಿಬೇಲಿಯಲ್ಲಿ ಎಲ್ಲವೂ ಕಾಣುತ್ತದೆಂಬುದು ಆಗ ಹೊಳೆದಿರಲಿಲ್ಲ.

೫. ಎರಡು ವಾರದ ಹಿಂದಿನ ಮಂಗಳವಾರ ಕಾವಲುಗಾರರು ರಜೆಯಲ್ಲಿದ್ದರು. ಗೊಬ್ಬರದ ಚೀಲ ಎತ್ತಲು ಬಗ್ಗಿದ ನನ್ನ ಸೊಂಟ ಹಿಡಿದುಕೊಂಡಿತು. ಕಾಲು ಆರರಲ್ಲಿ, ತಲೆ ಮೂರರಲ್ಲಿ ನಿಂತುಹೋದ ಗಡಿಯಾರವಾದೆ. ಅಕ್ಕ ಸುತ್ತಲೂ ಕಣ್ಣಾಡಿಸಿದರು. ಹೇಳಿ ಕಳಿಸಲು ಯಾರೂ ಇರಲಿಲ್ಲ. ಕೈಯಲ್ಲಿದ್ದ ಸಲಿಕೆ ಕೆಳಗಿಟ್ಟು, ಬಳ್ಳಿ ದಾಟಿ ಬಂದರು.

“ಉಸಿರು ಬಿಡು. ಎಲ್ಲಿ ಹಿಡ್ಕೊಂಡಿದೆ?”

“ಸೊಂಟ.”

ಒಂಬತ್ತು ವರ್ಷಗಳ ನಂತರದ ನಮ್ಮ ಮೊದಲ ಸಂಭಾಷಣೆ ಇಷ್ಟು.

೬. ತದನಂತರ ಅಕ್ಕ ಸಮಿತಿಗೆ ಸೇರಿದ ಗೊಬ್ಬರದ ತಳ್ಳುಗಾಡಿಯಲ್ಲಿ, ಅನುಮತಿ ಪಡೆಯದೆ, ನನ್ನನ್ನು ಕೂರಿಸಿ ಪೇಟೆಬೀದಿಯ ಉದ್ದಕ್ಕೂ ಆಸ್ಪತ್ರೆಯವರೆಗೆ ತಳ್ಳಿಕೊಂಡು ಹೋದರು. ಅವರಿಗೆ ಅರವತ್ತಾರು ವರ್ಷ. ದಾರಿಯಲ್ಲಿ ಅವರ ಹಳೆಯ ವಿದ್ಯಾರ್ಥಿಗಳು ಏಳು ಮಂದಿ ಎದುರಾಗಿ ನಮಸ್ಕರಿಸಿದರು. ಯಾರೂ ಏನೂ ಕೇಳಲಿಲ್ಲ. ಅಂಚೆ ಕಚೇರಿಯ ತಿರುವಿನಲ್ಲಿ ಅಕ್ಕ ದಣಿವಾರಿಸಿಕೊಳ್ಳಲು ನಿಂತರು. ನನ್ನ ಮುಖ ಮುಂದಕ್ಕಿತ್ತು, ಹಿಂದೆ ತಿರುಗಲು ಆಗುತ್ತಿರಲಿಲ್ಲ. ಆ ಧೈರ್ಯದ ಮೇಲೆ ಹೇಳಿಬಿಟ್ಟೆ: “ಅಮ್ಮನ ಮೆಷಿನ್ ಖಾಲಿ ಕೂತಿರೋದನ್ನ ನೋಡೋಕೆ ಆಗ್ತಿರ್ಲಿಲ್ಲ ಅಕ್ಕಾ. ಅದಕ್ಕೇ ಕೊಟ್ಬಿಟ್ಟೆ.”

ಹಿಂದಿನಿಂದ ಅಕ್ಕನ ದನಿ ಬಂತು. “ನಂಗೇನು ಮೆಷಿನ್ ಬೇಕಾಗಿರ್ಲಿಲ್ಲ ಕಣೋ. ನನ್ನನ್ನ ಒಂದು ಮಾತು ಕೇಳ್ಬೇಕಿತ್ತು.”

“ಕೇಳ್ಬೇಕಿತ್ತು” ಎಂದೆ. ಗಾಡಿ ಹೊರಟಿತು.

೭. ವೈದ್ಯರು ಐದು ದಿನ ಅಲುಗಾಡಬಾರದೆಂದರು. ಆ ಐದೂ ದಿನ ನನ್ನ ಪಾತಿಗೆ ನೀರು ಹಾಯಿಸಿದವರು ಯಾರೆಂದು ತಾವು ಊಹಿಸಬಹುದು. ಆರನೆಯ ದಿನ ಇಬ್ಬರೂ ಒಟ್ಟಿಗೆ ಬಂದರೆ, ಗಡಿಯುದ್ದಕ್ಕೂ ಕಂಬ ನೆಡಲು ನಾಲ್ಕು ಗುಂಡಿ ತೋಡಲಾಗಿತ್ತು. ಯಾರು ಹೇಳಿದ್ದು ಇದನ್ನು ಎಂದು ಅಕ್ಕ ಕೇಳಿದರು. ಒಪ್ಪಿಕೊಂಡೆ. ನನ್ನ ಅರ್ಜಿಗಳ ನಕಲು ತರಿಸಿಕೊಂಡು, ಬದುವಿನ ಮೇಲೆ ಕೂತು ಮೂರನ್ನೂ ಓದಿದರು. ಸಿಟ್ಟಾಗುತ್ತಾರೆಂದು ಕಾದೆ. ಹನ್ನೊಂದು ಕಾಗುಣಿತ ತಪ್ಪುಗಳಿವೆ ಎಂದರು.

೮. ಬೇಲಿ ರದ್ದತಿಗೆ ಎರಡೂ ಪಾತಿಯವರ ಸಹಿ ಬೇಕೆಂಬುದು ತಮ್ಮ ನಿಯಮ. ತಪ್ಪಿರುವ ಕಾಗದಕ್ಕೆ ಸಹಿ ಹಾಕುವುದಿಲ್ಲವೆಂಬುದು ಅಕ್ಕನ ನಿಯಮ. ಆದಕಾರಣ ಇದು ನಾಲ್ಕನೆಯ ಕರಡು, ವಿಳಂಬಕ್ಕೆ ಕ್ಷಮೆಯಿರಲಿ.

ಆದ್ದರಿಂದ, ಸದರಿ ಬೇಲಿಯ ಮಂಜೂರಾತಿಯನ್ನು ರದ್ದುಪಡಿಸಿ, ತಂತಿಯನ್ನು ಹಂದಿಗಳ ಕಾಟವಿರುವ ಹಿಂದಿನ ಸಾಲಿಗೆ ಬಳಸಿಕೊಳ್ಳಬೇಕಾಗಿ ಕೋರುತ್ತೇನೆ. ಗುಂಡಿಗಳನ್ನು ಮುಚ್ಚಿಸುವ ಅಗತ್ಯವಿಲ್ಲ. ನಾಲ್ಕರಲ್ಲೂ ಅಕ್ಕ ಬದನೆ ಸಸಿ ನೆಟ್ಟಾಗಿದೆ.

ತಮ್ಮ ವಿಶ್ವಾಸಿ,
ಹಾಗೂ ಹದಿನೈದನೇ ಪಾತಿಯವರ ತಮ್ಮ,
(ಸಹಿ)

ಲಗತ್ತುಗಳು:
೧) ವೈದ್ಯರ ಚೀಟಿ.
೨) ಕೆಂಪು ಶಾಯಿಯ ತಿದ್ದುಪಡಿಗಳಿರುವ ಹಿಂದಿನ ಮೂರು ಕರಡುಗಳು.
೩) ಹದಿನೈದನೇ ಪಾತಿಯವರ ಒಪ್ಪಿಗೆ ಪತ್ರ (ಒಂದೇ ಸಾಲು, ತಪ್ಪಿಲ್ಲ).

ವಿ.ಸೂ.: ತೋಟದ ಗೇಟನ್ನು ಸಂಜೆ ಆರೂವರೆಗೆ ಮುಚ್ಚಲಾಗುತ್ತಿದೆ. ಒಂಬತ್ತು ವರ್ಷಗಳಲ್ಲಿ ಆದದ್ದು ಹೋದದ್ದನ್ನೆಲ್ಲ ನಾವು ಒಂದು ಕಡೆಯಿಂದ ಹೇಳಿಕೊಳ್ಳುತ್ತಾ ಬರುತ್ತಿದ್ದು, ಸದ್ಯ ಎರಡನೆಯ ವರ್ಷದ ಮಾರ್ಚ್ ತಿಂಗಳಲ್ಲಿದ್ದೇವೆ. ಆದಕಾರಣ ಮುಂದಿನ ಆದೇಶದವರೆಗೆ ಗೇಟನ್ನು ಏಳು ಗಂಟೆಗೆ ಮುಚ್ಚಬೇಕಾಗಿ ವಿನಂತಿ.