ಮಗಳಿಗೊಬ್ಬ ಕೋಚ್ ಬೇಕಾಗಿದ್ದಾರೆ

ಮಕ್ಕಳು ಮುಂದೆ ಏನಾಗಬೇಕು ಅನ್ನುವ ವಿಷಯದಲ್ಲಿ ನಾನು ಬಹಳ ವಿಶಾಲ ಹೃದಯದವನು. ಬೇರೆಯವರ ಮಕ್ಕಳ ಮಟ್ಟಿಗೆ ಈ ಮಾತು ಈಗಲೂ ನಿಜ. ಕನ್ನಡ ಕೂಟದ ಊಟಕ್ಕೆ ಹೋದಾಗಲೆಲ್ಲ ಕೈಯಲ್ಲಿ ಪುಳಿಯೋಗರೆ ತಟ್ಟೆ ಹಿಡಿದು, ‘ಅವರವರ ಪ್ಯಾಷನ್ನು ಫಾಲೋ ಮಾಡ್ಲಿ ಬಿಡ್ರಿ, ತಡೆಯೋಕೆ ನಾವ್ಯಾರು?’ ಎಂದು ಎಷ್ಟು ತಂದೆ ತಾಯಂದಿರಿಗೆ ಬುದ್ಧಿ ಹೇಳಿದ್ದೇನೋ ಲೆಕ್ಕವಿಲ್ಲ. ಹೀಗೆ ಊರಿಗೆಲ್ಲ ಪುಕ್ಕಟೆ ಹಂಚಿದ ಉಪದೇಶ ಒಂದು ಭಾನುವಾರ ಬೆಳಿಗ್ಗೆ ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯ ವಿಳಾಸ ಹುಡುಕಿಕೊಂಡು ಬಂದೇ ಬಂದಿತು. ದೋಸೆಯ ಕೊನೆಯ ತುಂಡನ್ನು ಚಟ್ನಿಯಲ್ಲಿ ಅದ್ದುತ್ತಿದ್ದ ಮಗಳು ಅನಘಾ, ಮಳೆ ಬರುವ ಹಾಗಿದೆ ಅನ್ನುವಷ್ಟು ಸಲೀಸಾಗಿ, ‘ಅಪ್ಪ, ಕಾಲೇಜಲ್ಲಿ ಐ ವಾಂಟ್ ಟು ಮೇಜರ್ ಇನ್ ಮ್ಯೂಸಿಕಲ್ ಥಿಯೇಟರ್’ ಎಂದಳು.

‘ಮೈನರ್ ಅಲ್ಲೇನು?’ ಎಂದೆ, ಮುಖ್ಯ ವಿಷಯವಲ್ಲ, ಜೊತೆಗೊಂದು ಉಪವಿಷಯವಿರಬಹುದು ಎಂಬ ಒಂದು ಕೊನೆಯ ಆಸೆಯಿಂದ.

‘ಮೇಜರ್.’

ನನ್ನ ಹೆಂಡತಿ ಸುಧಾ ಮೈಸೂರಿನವಳು, ದಂತವೈದ್ಯೆ. ಬೇರೆಯವರ ಬಾಯಿ ತೆರೆಸುವುದೇ ಅವಳ ಕಸುಬು. ಅಂದು ಅವಳ ಬಾಯೇ ತೆರೆದದ್ದು ಮುಚ್ಚಲಿಲ್ಲ.

ಹಾಡುತ್ತ, ಕುಣಿಯುತ್ತ, ನಡುವೆ ಮಾತಾಡುತ್ತ ನಾಟಕ ಆಡುವುದು ನನಗೆ ಹೊಸದೇನಲ್ಲ. ಹುಬ್ಬಳ್ಳಿಯಲ್ಲಿ ಕಂಪನಿ ನಾಟಕ ನೋಡಿ ಬೆಳೆದವನು ನಾನು. ಆದರೆ ಅದನ್ನು ಕಲಿಸುವುದಕ್ಕೆ ಕಾಲೇಜು, ಆ ಕಾಲೇಜಿಗೆ ಸೇರಲು ಆಡಿಷನ್, ಆಡಿಷನ್ನಿಗೆ ಕರೆಯಬೇಕೋ ಬೇಡವೋ ಎಂದು ನೋಡಲು ಮೊದಲೊಂದು ವಿಡಿಯೋ, ಆ ವಿಡಿಯೋಗೆ ತಯಾರು ಮಾಡಲು ಒಬ್ಬ ಕೋಚ್, ಹೀಗೊಂದು ಉದ್ದದ ಸರಪಳಿ ಇದೆ ಎಂದು ಗೊತ್ತಿರಲಿಲ್ಲ. ಸ್ಕೂಲಿನ ನಾಟಕಗಳಲ್ಲಿ ಅನಘಾ ಹಾಡಿದಾಗ ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದವನು ನಾನೇ. ಅದು ಕೆಮಿಸ್ಟ್ರಿ ಓದಿ ಬೇಸರವಾದಾಗಿನ ಹವ್ಯಾಸ ಎಂದುಕೊಂಡು ತಟ್ಟಿದ ಚಪ್ಪಾಳೆ. ಅವಳು ಅದನ್ನು ಸೀರಿಯಸ್ಸಾಗಿ ತೆಗೆದುಕೊಂಡಿದ್ದಳು.

ಕೋಚ್ ಹುಡುಕುವ ಜವಾಬ್ದಾರಿಯನ್ನು ಯಾರೂ ಕೇಳದಿದ್ದರೂ ನಾನೇ ಹೊತ್ತುಕೊಂಡೆ. ಆಫೀಸಿನಲ್ಲಿ ನನ್ನ ಕೆಲಸ ಬೇರೆಯವರು ಮಾಡಿದ ಕಂಪ್ಯೂಟರ್ ಚಿಪ್ಪಿನಲ್ಲಿ ತಪ್ಪು ಹುಡುಕುವುದು. ಚಿಪ್ಪು ಕೆಲಸ ಮಾಡುತ್ತದೆ ಎಂದು ನಾನು ಯಾವತ್ತೂ ನಂಬುವುದಿಲ್ಲ. ನಂಬದೇ ಇರುವುದಕ್ಕೇ ನನಗೆ ಸಂಬಳ. ಈ ಅರ್ಹತೆಯ ಬಲದಿಂದ ಹುಡುಕಾಟಕ್ಕೆ ಇಳಿದೆ.

ಮೊದಲನೆಯವರು ಸಿಕ್ಕಿದ್ದು ವಿಡಿಯೋ ಕಾಲಿನಲ್ಲಿ. ಲಾಸ್ ಏಂಜಲೀಸಿನ ಮನುಷ್ಯ, ಹೆಸರು ಬ್ರ್ಯಾಂಡನ್. ಆತ ನಕ್ಕ ಕೂಡಲೇ ಪಕ್ಕದಲ್ಲಿದ್ದ ಸುಧಾ, ‘ಎಲ್ಲಾ ಕಟ್ಟಿಸಿದ ಹಲ್ಲು ಕಣ್ರೀ’ ಎಂದು ಪಿಸುಗುಟ್ಟಿದಳು. ಆತ ಅನಘಾಳನ್ನು ಹಾಡು ಅನ್ನಲಿಲ್ಲ, ಕುಣಿ ಅನ್ನಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು, ‘ನಿನ್ನ ಗಾಯ ಯಾವುದು?’ ಎಂದು ಕೇಳಿದ.

ಅನಘಾ ತನ್ನ ಮೊಣಕೈ ನೋಡಿಕೊಂಡಳು.

‘ಒಳಗಿನ ಗಾಯ,’ ಎಂದ ಬ್ರ್ಯಾಂಡನ್. ‘ಕಾಲೇಜುಗಳಿಗೆ ಅದು ಬೇಕು. ವಲಸೆ ಬಂದ ಕುಟುಂಬ, ಕಟ್ಟುನಿಟ್ಟಿನ ಅಪ್ಪ. ಇವರು ನಿನ್ನ ಕಲೆಯನ್ನು ವಿರೋಧಿಸಿದರಾ?’

ನಾನು ಮಧ್ಯೆ ಬಾಯಿ ಹಾಕಿ, ‘ಇಲ್ಲ ಇಲ್ಲ, ನಮ್ಮದು ಪೂರ್ತಿ ಸಪೋರ್ಟು’ ಎಂದೆ. ಬ್ರ್ಯಾಂಡನ್ನಿನ ಮುಖ ಇಳಿದುಹೋಯಿತು. ಸ್ವಲ್ಪ ಯೋಚಿಸಿ, ‘ವಿರೋಧಿಸಿದರು ಅಂತ ಹೇಳಬಹುದಾ?’ ಎಂದ. ಮಗಳ ಭವಿಷ್ಯಕ್ಕಾಗಿ ಅಪ್ಪಂದಿರು ಎಂಥೆಂಥ ತ್ಯಾಗ ಮಾಡುತ್ತಾರೆ, ನಾನು ಖಳನಾಯಕನಾಗಲಾರೆನೇ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಕೊನೆಯಲ್ಲಿ, ‘ಪ್ರಾಮಾಣಿಕವಾಗಿ ಹೇಳಿ, ಇವಳಿಗೆ ಚಾನ್ಸ್ ಇದೆಯಾ?’ ಎಂದು ಕೇಳಿದೆ. ‘ನೂರಕ್ಕೆ ನೂರು!’ ಎಂದ. ಅವಳು ಹಾಡಿದ್ದನ್ನು ಕೇಳದೆಯೇ ಕೊಟ್ಟ ನೂರು. ಆ ಹೆಸರನ್ನು ಅಲ್ಲಿಗೇ ಹೊಡೆದುಹಾಕಿದೆವು.

ಎರಡನೆಯದು ಕ್ಯುಪರ್ಟಿನೋದ ಒಂದು ಅಕಾಡೆಮಿ. ಒಂದು ಕಡೆ ಗಣಿತದ ಟ್ಯೂಷನ್ನು, ಇನ್ನೊಂದು ಕಡೆ ಟೀ ಅಂಗಡಿ, ಎರಡರ ಮಧ್ಯೆ ಕಲೆ. ಒಳಗೆ ಕಾಲಿಟ್ಟ ತಕ್ಷಣ ನನಗೆ ತವರುಮನೆಗೆ ಬಂದಂತಾಯಿತು. ಸಾಲುಸಾಲು ಕುರ್ಚಿಗಳಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡ ತಂದೆಯರು, ಡಬ್ಬಿಯಲ್ಲಿ ಹಣ್ಣು ಹೆಚ್ಚಿ ತಂದ ತಾಯಂದಿರು. ಮುಚ್ಚಿದ ಬಾಗಿಲುಗಳ ಹಿಂದೆ ಮಕ್ಕಳು ಹಾಡುತ್ತಿದ್ದರು, ಎಲ್ಲ ಬಾಗಿಲುಗಳ ಹಿಂದೆಯೂ ಅದೇ ಹಾಡು. ಅಲ್ಲಿನ ಮುಖ್ಯಸ್ಥೆ ಯಾವ ಕಾಲೇಜಿಗೆ ಯಾವ ಹಾಡು, ಯಾವ ಸಾಲಿಗೆ ಯಾವ ಕೈ ಎತ್ತಬೇಕು ಎಂದು ಪಟಪಟನೆ ವಿವರಿಸಿದರು. ನನಗಂತೂ ಬಹಳ ಹಿಡಿಸಿತು. ಕಲೆ ಎಂದರೆ ಇಷ್ಟು ಅಚ್ಚುಕಟ್ಟಾದದ್ದು ಎಂದು ಮೊದಲೇ ಗೊತ್ತಿದ್ದರೆ ನಾನು ಹೆದರುತ್ತಲೇ ಇರಲಿಲ್ಲ. ‘ಇವಳಿಗೆ ಚಾನ್ಸ್ ಇದೆಯಾ?’ ಎಂದು ಅಲ್ಲೂ ಕೇಳಿದೆ. ‘ನಮ್ಮ ಪದ್ಧತಿ ಪ್ರಕಾರ ಹೋದರೆ ಇದೆ’ ಎಂದರು.

ಟ್ರಯಲ್ ಕ್ಲಾಸು ಮುಗಿಸಿ ಹೊರಬಂದ ಅನಘಾ ಕಾರಿನಲ್ಲಿ ಕುಳಿತು ಬೆಲ್ಟು ಹಾಕಿಕೊಂಡು ಹೇಳಿದಳು: ‘ದೇ ಟೋಲ್ಡ್ ಮಿ ವೇರ್ ಟು ಬ್ರೀದ್, ಅಪ್ಪ. ಎಲ್ಲರೂ ಅದೇ ವರ್ಡಿಗೆ ಅದೇ ಕೈ ಎತ್ತುತ್ತಾರೆ.’

‘ಎತ್ತಿದ್ರ ಏನಾತು? ಕೈ ತಾನೇ?’ ಎಂದೆ. ಕಷ್ಟಕ್ಕೆ ಸಿಕ್ಕಿದಾಗ ನನ್ನ ಬಾಯಲ್ಲಿ ಹುಬ್ಬಳ್ಳಿ ಬರುತ್ತದೆ.

ಕಾರು ಫ್ರೀವೇ ಹತ್ತಿತು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು. ‘ನೀನು ಎಲ್ಲರಿಗೂ ಅದೇ ಕ್ವೆಶ್ಚನ್ ಯಾಕೆ ಕೇಳ್ತೀಯ? ಚಾನ್ಸ್ ಇದೆಯಾ, ಚಾನ್ಸ್ ಇದೆಯಾ ಅಂತ?’

‘ತಿಳ್ಕೊಳ್ಳೋದು ಬ್ಯಾಡೇನವಾ?’

‘ನೋ. ಯೂ ಆರ್ ವೇಟಿಂಗ್ ಫಾರ್ ಸಮ್‌ಬಡಿ ಟು ಸೇ ನೋ. ಯಾರಾದ್ರೂ ಒಬ್ರು ಇಲ್ಲ ಅಂದ್ರೆ, ದೆನ್ ಯೂ ಡೋಂಟ್ ಹ್ಯಾವ್ ಟು ಸೇ ಇಟ್.’

ಮುಂದಿನ ಕಾರಿನ ಕೆಂಪು ದೀಪ ಹತ್ತಿತು, ಆರಿತು. ಹಾಗಲ್ಲ ಎನ್ನಬೇಕಾಗಿತ್ತು. ಆದರೆ ಹುಟ್ಟಿದಂದಿನಿಂದ ನನ್ನ ಮುಖ ಓದಿಕೊಂಡೇ ಬೆಳೆದವಳ ಎದುರು ಸುಳ್ಳು ಹೇಳಲು ಒಳ್ಳೆಯ ನಟನೇ ಆಗಿರಬೇಕು. ಅಷ್ಟು ಪ್ರತಿಭೆ ನನ್ನಲ್ಲಿಲ್ಲ. ಇಳಿಯಬೇಕಾಗಿದ್ದ ಎಕ್ಸಿಟ್ಟು ಮಾತ್ರ ತಪ್ಪಿಸಿಕೊಂಡು, ಎಲ್ಲೆಲ್ಲೋ ಸುತ್ತಿ ಮನೆ ಸೇರಿದೆವು. ಗರಾಜಿನಲ್ಲಿ ಕಾರು ನಿಲ್ಲಿಸಿದ ಮೇಲೆ, ‘ನನಗ ಅಂಜಿಕಿ ಆಗ್ತದ, ಅನೂ’ ಎಂದೆ. ‘ಮಿ ಟೂ’ ಎಂದಳು. ಆಮೇಲೆ ಅವಳೇ, ‘ಸಿಟೀಲಿ ಒಬ್ರು ಇದಾರೆ. ನಾನೇ ಹುಡುಕಿದ್ದು. ನೀನು ಡ್ರೈವ್ ಮಾಡು, ಬಟ್ ಡೋಂಟ್ ಆಸ್ಕ್’ ಎಂದಳು. ನಾನು ಒಪ್ಪಿಕೊಂಡೆ.

ಸಿಟಿ ಅಂದರೆ ಸ್ಯಾನ್ ಫ್ರಾನ್ಸಿಸ್ಕೋ. ಗೋಡೆಗೆ ಗಡಿಯಾರ ನೇತುಹಾಕಿದಂತೆ ಕಾರನ್ನು ಒಂದು ಏರಿನಲ್ಲಿ ನೇತುಹಾಕಿ, ಕಡಿದಾದ ಮೆಟ್ಟಿಲು ಹತ್ತಿ ಹೋದೆವು. ಬಾಗಿಲು ತೆರೆದವರು ಮಿಸ್ ಹ್ಯಾರಿಯೆಟ್. ಎಪ್ಪತ್ತು ದಾಟಿದ ತೆಳ್ಳನೆಯ ಹೆಂಗಸು, ಕೈಯಲ್ಲಿ ಊರುಗೋಲು. ಒಂದು ಕಾಲದಲ್ಲಿ ರಂಗದ ಮೇಲೆ ಕುಣಿದು ಕುಣಿದು ಸೊಂಟ ಸವೆಸಿಕೊಂಡವರು. ಕೋಣೆಯಲ್ಲಿ ಒಂದು ಪಿಯಾನೋ, ಅದರ ಸುತ್ತ ಒಬ್ಬರು ನಾಲ್ಕು ಹೆಜ್ಜೆ ಕುಣಿಯುವಷ್ಟು ಜಾಗ.

‘ಯಾಕೆ ಇದನ್ನೇ ಕಲಿಯಬೇಕು ನಿನಗೆ?’ ಎಂದು ಅವರು ಅನಘಾಳನ್ನು ಕೇಳಿದರು.

‘ಚಿಕ್ಕಂದಿನಿಂದಲೂ ಇವಳಿಗೆ ಸಂಗೀತ ಅಂದರೆ...’ ಎಂದು ಶುರು ಮಾಡಿದೆ.

ಹ್ಯಾರಿಯೆಟ್ ನನ್ನ ಕಡೆ ನಿಧಾನವಾಗಿ ತಿರುಗಿ, ಬಹಳ ಮರ್ಯಾದೆಯಿಂದ, ‘ಸರ್, ಆಡಿಷನ್ ಯಾರದ್ದು?’ ಎಂದು ಕೇಳಿದರು. ಆಮೇಲೆ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ಬಾಗಿಲು ಹಾಕಿಕೊಂಡರು.

ಬಾಗಿಲು ತೆಳ್ಳಗಿತ್ತು. ಅನಘಾ ಮೊದಲ ಸಾಲು ಹಾಡಿದಳು, ಹ್ಯಾರಿಯೆಟ್ ನಿಲ್ಲಿಸಿದರು. ಮತ್ತೆ ಹಾಡಿದಳು, ಮತ್ತೆ ನಿಲ್ಲಿಸಿದರು. ‘ಚೆನ್ನಾಗಿ ಹಾಡುತ್ತೀಯ. ನಾನು ನಂಬುವುದಿಲ್ಲ. ಯಾರಿಗೆ ಹೇಳುತ್ತಿದ್ದೀಯ ಇದನ್ನ?’ ಬಾಗಿಲು ಬಡಿದು, ಸಾಕು, ನನ್ನ ಮಗಳನ್ನು ಬಿಡಿ ಎನ್ನೋಣವೆಂದು ಎದ್ದೂ ನಿಂತೆ. ಅಷ್ಟರಲ್ಲಿ ಪಿಯಾನೋ ನಿಂತಿತು. ಪಿಯಾನೋ ಇಲ್ಲದೆಯೇ, ಮೆಲ್ಲಗೆ, ಹೆಚ್ಚು ಕಡಿಮೆ ಮಾತಿನಂತೆ ಅನಘಾ ಹಾಡಲು ತೊಡಗಿದಳು. ಆ ಹಾಡನ್ನು ನಾನು ಬಾತ್‌ರೂಮಿನ ಬಾಗಿಲ ಮೂಲಕ ಎಷ್ಟೋ ತಿಂಗಳು ಕೇಳಿದ್ದೆ. ಅದರಲ್ಲಿ ಒಬ್ಬ ಹುಡುಗಿ ಯಾರನ್ನೋ ಏನನ್ನೋ ಬೇಡಿಕೊಳ್ಳುತ್ತಿದ್ದಾಳೆ ಎಂದು ಅರ್ಥವಾದದ್ದು ಆವತ್ತೇ. ನಾನು ಮತ್ತೆ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಹೊರಡುವಾಗ ಕೊಟ್ಟ ಮಾತಿನಂತೆ ಏನೂ ಕೇಳಲಿಲ್ಲ. ಹ್ಯಾರಿಯೆಟ್ ಅವರೇ, ‘ನೀವು ಕೇಳಲಿಲ್ಲ. ಅಪ್ಪಂದಿರೆಲ್ಲ ಕೇಳುತ್ತಾರೆ’ ಎಂದರು. ‘ನನಗೆ ಗೊತ್ತಿಲ್ಲ. ಬಹಳ ಮಕ್ಕಳಿಗೆ ಸಿಗುವುದಿಲ್ಲ. ಇವಳ ನೃತ್ಯ ಹಿಂದಿದೆ. ಆದರೆ ತಪ್ಪು ತೋರಿಸಿಕೊಟ್ಟರೆ ಇವಳ ಕಣ್ಣಲ್ಲಿ ಹಸಿವು ಕಾಣುತ್ತದೆ. ಅದನ್ನು ನಾನು ಕಲಿಸಲಾರೆ.’

ಕಾರಿನ ಹತ್ತಿರ ಬಂದಾಗ ಅನಘಾಳ ಮುಖ ಕೆಂಪಾಗಿತ್ತು. ‘ನನ್ನ ಡ್ಯಾನ್ಸು ಟೆರಿಬಲ್ ಅಂತೆ. ಬೆನ್ನು ಬಾಗಿದೆಯಂತೆ. ಉಸಿರೂ ಸರಿ ಇಲ್ವಂತೆ.’

‘ಹೋಗ್ಲಿ ಬಿಡವಾ, ಬ್ಯಾರೆಯವ್ರನ್ನ ನೋಡೋಣು.’

‘ಬೇಡಪ್ಪ,’ ಎಂದಳು. ‘ಇವರೇ.’

ಹೀಗೆ ಕೋಚ್ ನಿಶ್ಚಯವಾಯಿತು. ಬೇಸಿಗೆಯೆಲ್ಲ ಅವಳು ಆ ಮೆಟ್ಟಿಲು ಹತ್ತಿದಳು, ನಾನು ಹೊರಗೆ ಕಾರು ಕಾದೆ. ಶರತ್ಕಾಲಕ್ಕೆ ವಿಡಿಯೋ ತೆಗೆಯುವ ದಿನ ಬಂತು. ಸೋಫಾಗಳನ್ನು ಮೂಲೆಗೆ ತಳ್ಳಿದೆವು. ಹಾಡು, ಕುಣಿತ ಎಲ್ಲ ಮುಗಿದು ಒಂದು ಮಾತಿನ ದೃಶ್ಯ ಉಳಿಯಿತು. ಮನೆ ಬಿಟ್ಟು ಹೊರಟ ಹುಡುಗಿಯೊಬ್ಬಳು ತನ್ನ ಅಪ್ಪನ ಮೇಲೆ ಹರಿಹಾಯುವ ದೃಶ್ಯ. ಅಪ್ಪ ತೆರೆಯ ಮೇಲೆ ಬರುವುದಿಲ್ಲ. ಅವಳ ದೃಷ್ಟಿ ನೆಡಲು ಕ್ಯಾಮೆರಾದ ಪಕ್ಕ ಯಾರಾದರೂ ನಿಂತರೆ ಸಾಕು. ‘ಜಸ್ಟ್ ನಿಂತ್ಕೋ ಅಪ್ಪ. ಏನೂ ಮಾಡಬೇಡ’ ಎಂದಳು.

ಏನೂ ಮಾಡದೆ ನಿಲ್ಲುವುದು ಎಷ್ಟು ಕಷ್ಟ ಎಂದು ಅಂದು ತಿಳಿಯಿತು. ಅವಳು ‘ನೀನು ನನ್ನನ್ನು ಒಂದು ದಿನವಾದರೂ ನಂಬಿದ್ದೀಯಾ?’ ಎಂದು ಇಂಗ್ಲಿಷಿನಲ್ಲಿ ಗುಡುಗಿದಾಗ ನನ್ನ ತಲೆ ತಾನಾಗಿಯೇ ಹೌದು ಹೌದು ಎಂದು ಆಡಿತು. ಅವಳು ‘ನಾನು ಹೊರಟೆ’ ಎಂದಾಗ ಕೆಳತುಟಿ ಅದುರಿತು. ಸಾಕಷ್ಟು ಸಲ ತೆಗೆದು, ಇದ್ದುದರಲ್ಲಿ ಒಳ್ಳೆಯದನ್ನು ಹ್ಯಾರಿಯೆಟ್‌ಗೆ ಕಳಿಸಿದೆವು. ಅವರು ಕೂಡಲೇ ಫೋನು ಮಾಡಿದರು. ಅನಘಾ ಸ್ಪೀಕರಿನಲ್ಲಿ ಹಾಕಿದಳು.

‘ನಿನ್ನ ಬಾಯಿ ಬೈಯುತ್ತಿದೆ, ಕಣ್ಣು ಯಾರನ್ನೋ ಸಮಾಧಾನ ಮಾಡುತ್ತಿದೆ. ಕ್ಯಾಮೆರಾ ಪಕ್ಕ ನಿಂತಿದ್ದು ಯಾರು?’

‘ಮೈ ಡ್ಯಾಡ್.’

‘ಕೆಲಸದಿಂದ ತೆಗೆದುಹಾಕು.’

ನನ್ನ ಜಾಗಕ್ಕೆ ಸುಧಾ ಬಂದಳು. ಅವಳು ಮಗಳ ಒಂದು ಸಾಲು ಮುಗಿಯುವುದರೊಳಗೆ, ‘ಅನೂ, ಬಲಗಡೆ ದವಡೆ ಹಲ್ಲು ಸರಿಯಾಗಿ ಉಜ್ತಿಲ್ಲ ನೀನು’ ಎಂದು ವಜಾ ಆದಳು. ಕೊನೆಗೆ ಅನಘಾ ಮೇಲಿನ ಕೋಣೆಯಿಂದ ಇಸ್ತ್ರಿ ಹಲಗೆಯನ್ನು ತಂದು, ನೆಟ್ಟಗೆ ಗೋಡೆಗೆ ಒರಗಿಸಿ ನಿಲ್ಲಿಸಿದಳು. ನನಗಿಂತ ತುಸು ಗಿಡ್ಡ. ನಮ್ಮಿಬ್ಬರನ್ನೂ ಅಡುಗೆಮನೆಗೆ ಅಟ್ಟಿದಳು. ಅಲ್ಲಿಂದ ಕೇಳಿದ ಆ ಮಾತುಗಳಲ್ಲಿ ನಿಜವಾದ ಸಿಟ್ಟಿತ್ತು, ಸಿಟ್ಟಿನ ಅಡಿಯಲ್ಲಿ ಇನ್ನೇನೋ ಇತ್ತು. ಸುಧಾ ನನ್ನ ಕೈ ಹಿಡಿದುಕೊಂಡಳು. ಒಂದೇ ಸಲಕ್ಕೆ ದೃಶ್ಯ ಮುಗಿಯಿತು.

ಬಹಳ ಕಾಲೇಜುಗಳು ವಿಡಿಯೋ ನೋಡಿ ಅಷ್ಟಕ್ಕೇ ಬಿಟ್ಟವು. ಕೆಲವು ಆಡಿಷನ್ನಿಗೆ ಕರೆಸಿ ಆಮೇಲೆ ಬೇಡವೆಂದವು. ಪ್ರತಿ ‘ಇಲ್ಲ’ ಬಂದಾಗಲೂ ಅನಘಾ ಕೋಣೆ ಸೇರಿ ಅತ್ತಳು, ಶನಿವಾರ ಮತ್ತೆ ಹ್ಯಾರಿಯೆಟ್ ಮನೆಗೆ ಹೋದಳು. ಯಾರಾದರೂ ಇಲ್ಲ ಅನ್ನಲಿ ಎಂದು ಒಂದು ಕಾಲದಲ್ಲಿ ಕಾದಿದ್ದವನು ಆಗ ಒಂದೊಂದು ‘ಇಲ್ಲ’ಕ್ಕೂ ಆ ಕಾಲೇಜಿನವರ ಕಿವಿ ಪರೀಕ್ಷೆ ಮಾಡಿಸಬೇಕು ಎಂದು ಕೂಗಾಡಿದೆ. ಎಲ್ಲ ಮುಗಿಯಿತು ಅನ್ನುವಾಗ ಓಹಾಯೋದ ಒಂದು ಸಣ್ಣ ಕಾಲೇಜು ಬಾ ಎಂದಿತು. ಅನಘಾ ಕಿರುಚಿದ ರಭಸಕ್ಕೆ ಎದುರುಮನೆಯವರು ಬಾಗಿಲು ತೆಗೆದು ನೋಡಿದರು.

ಆಗಸ್ಟಿನಲ್ಲಿ ಅವಳನ್ನು ಬಿಟ್ಟು ಬರಬೇಕು. ಹಾಸ್ಟೆಲಿನ ಬಾಗಿಲಲ್ಲಿ ‘ನಾನು ಹೊರಟೆ’ ಅನ್ನುವ ಸರದಿ ಈ ಸಲ ನನ್ನದು. ಅಲ್ಲಿ ಅಳಕೂಡದೆಂದು ಈಗಿನಿಂದಲೇ ತಾಲೀಮು ನಡೆಸಿದ್ದೇನೆ. ಇಸ್ತ್ರಿ ಹಲಗೆಯ ಪಕ್ಕ ನಿಂತು, ಅದರಂತೆಯೇ ನೆಟ್ಟಗೆ, ಮುಖದಲ್ಲಿ ಒಂದು ಗೆರೆಯೂ ಕದಲದಂತೆ. ಮೊನ್ನೆ ಸುಧಾ ಬಟ್ಟೆಯ ಬುಟ್ಟಿ ಹಿಡಿದುಕೊಂಡು ಬಂದವಳು ಬಾಗಿಲಲ್ಲೇ ನಿಂತು ಇಬ್ಬರನ್ನೂ ಸ್ವಲ್ಪ ಹೊತ್ತು ನೋಡಿದಳು. ‘ಪರವಾಗಿಲ್ಲ ಕಣ್ರೀ, ಮೊದಲಿಗಿಂತ ಎಷ್ಟೋ ವಾಸಿ,’ ಎಂದು ನನ್ನ ಕೈಗೆ ಒಂದು ಕರವಸ್ತ್ರ ಕೊಟ್ಟು, ಇಸ್ತ್ರಿ ಹಲಗೆಯನ್ನು ಎತ್ತಿಕೊಂಡು ಹೋದಳು.